ಅರಳಿ ಕಟ್ಟೆಯ ವಿಶ್ವಕೋಶ

ಅರಸೀಕೆರೆ ಸೀಮೆಯ ತೆಂಗು ಬೆಳೆಗಾರರ ಮನೆಯಲ್ಲಿ ತಲೆಯೆತ್ತಿದರೆ ಅಟ್ಟ ಕಾಣುತ್ತದೆ. ಬಲಿತ ಕಾಯಿ ಮಟ್ಟೆ ಸಮೇತ ಅಲ್ಲಿಗೆ ಏರಿದರೆ ಹತ್ತು ಹನ್ನೊಂದು ತಿಂಗಳು ಇಳಿಯುವುದಿಲ್ಲ. ಒಳಗಿನ ನೀರು ಮೆಲ್ಲಗೆ ಇಂಗಿ, ತಿರುಳು ಕರಟದಿಂದ ಬಿಟ್ಟುಕೊಂಡು ಉಂಡೆಯಾಗುತ್ತದೆ. ಕಾಯಿ ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗೆ ಲೊಟಗುಟ್ಟಿದರೆ ಕೊಬ್ಬರಿ ಆಯಿತು ಎನ್ನುತ್ತಾರೆ. ಕೇರಳದವರು ಎಣ್ಣೆಗಾಗಿ ಕಾಯಿಯನ್ನು ಹೋಳು ಮಾಡಿ ಬಿಸಿಲಿಗೆ ಹಾಕುತ್ತಾರೆ. ಆ ಕೊಬ್ಬರಿ ಬೇರೆ, ಈ ಉಂಡೆ ಕೊಬ್ಬರಿ ಬೇರೆ. ಈ ವ್ಯತ್ಯಾಸ, ಈ ಕಿವಿಯ ಪರೀಕ್ಷೆ, ಈ ಅಟ್ಟ ಇವನ್ನೆಲ್ಲ ಬರೆದಿಡಬೇಕಾದವರು ಯಾರು? ಇಂಗ್ಲಿಷಿನವರು ಬರೆದಾರೆಂದು ಕಾಯುವುದು ಸರಿಯಲ್ಲ. ಕನ್ನಡಕ್ಕೆ ತನ್ನದೇ ವಿಶ್ವಕೋಶ ಬೇಕು ಎನ್ನುವುದಕ್ಕೆ ನನಗೆ ಇದಕ್ಕಿಂತ ದೊಡ್ಡ ಕಾರಣ ಹೊಳೆಯುವುದಿಲ್ಲ.

ತಿಳಿವಳಿಕೆಯನ್ನು ಒಂದೆಡೆ ಕೂಡಿಡುವ ಆಸೆ ನಮ್ಮಲ್ಲಿ ಹಳೆಯದು. 15ನೆಯ ಶತಮಾನದಲ್ಲಿ ನಿಜಗುಣ ಶಿವಯೋಗಿಗಳು ‘ವಿವೇಕಚಿಂತಾಮಣಿ’ ರಚಿಸಿದರು. ಶಿವರಾಮ ಕಾರಂತರು ಒಬ್ಬರೇ ಕೂತು ‘ಬಾಲಪ್ರಪಂಚ’, ‘ವಿಜ್ಞಾನ ಪ್ರಪಂಚ’ ಬರೆದರು. ಮೈಸೂರು ವಿಶ್ವವಿದ್ಯಾನಿಲಯ 14 ಸಂಪುಟಗಳ ವಿಶ್ವಕೋಶ ತಂದಿತು. ಇಂಗ್ಲಿಷ್ ವಿಕಿಪೀಡಿಯ 2001ರ ಜನವರಿಯಲ್ಲಿ ಹುಟ್ಟಿತು. ಎರಡೂವರೆ ವರ್ಷದೊಳಗೆ, 2003ರ ಜೂನ್‌ನಲ್ಲಿ, ಕನ್ನಡದ್ದೂ ಶುರುವಾಯಿತು. ಸಂಬಳ ಪಡೆಯುವ ಸಂಪಾದಕರು ಇಲ್ಲಿಲ್ಲ. ಪುಟದ ಮೇಲಿನ ‘ಸಂಪಾದಿಸಿ’ ಒತ್ತಿದ ಯಾರೇ ಆದರೂ ಬರೆಯಬಹುದು, ತಿದ್ದಬಹುದು. ಹೊಸಬರು ಕೈ ಪಳಗಿಸಿಕೊಳ್ಳಲು ‘ಪ್ರಯೋಗಪುಟ’ ಇದೆ. ನಾಲ್ಕು ಸಾಲಿಗೇ ನಿಂತ ಲೇಖನಕ್ಕೆ ‘ಚುಟುಕು’ ಎಂದು ಹೆಸರು. ಬರೆಯುವವರೆಲ್ಲ ಸೇರಿ ಸಾಮಾನ್ಯ ವಿಷಯ ಮಾತಾಡಿಕೊಳ್ಳುವ ಪುಟವನ್ನು ‘ಅರಳಿ ಕಟ್ಟೆ’ ಎನ್ನುತ್ತಾರೆ. ಆ ಹೆಸರಿಟ್ಟವರಿಗೆ ಕೈ ಮುಗಿಯಬೇಕು.

ಯಾರು ಯಾವ ದಿನ ಏನು ಸೇರಿಸಿದರು ಎಂಬುದೆಲ್ಲ ಪುಟದ ‘ಇತಿಹಾಸ’ದಲ್ಲಿ ಉಳಿಯುತ್ತದೆ. ಬೇಲೂರಿನ ಚೆನ್ನಕೇಶವ ಗುಡಿಯಲ್ಲಿ ಮದನಿಕೆಯರ ಕಾಲಬಳಿ ಬಳ್ಳಿಗಾವೆಯ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೆತ್ತಿದ್ದಾರೆ. ಗುಡಿ ಕಟ್ಟಿಸಿದವನು ವಿಷ್ಣುವರ್ಧನ ಎಂದು ಎಲ್ಲರಿಗೂ ಗೊತ್ತು. ಉಳಿ ಹಿಡಿದವರು ಯಾರೆಂದು ತಿಳಿಯುವುದು ಆ ಸಣ್ಣ ಅಕ್ಷರಗಳಿಂದಲೇ. ವಿಕಿಪೀಡಿಯದ ಇತಿಹಾಸದ ಪುಟ ತೆರೆದಾಗಲೆಲ್ಲ ನನಗೆ ಅವು ನೆನಪಾಗುತ್ತವೆ.

ಲೇಖನಗಳ ಸಂಖ್ಯೆ ಹೆಚ್ಚಿಸುವ ಆತುರದಲ್ಲಿ ಪೆಟ್ಟೂ ಬಿದ್ದಿದೆ. 2010ರ ಆಸುಪಾಸಿನಲ್ಲಿ ಗೂಗಲ್ ತನ್ನ ಅನುವಾದದ ಸಲಕರಣೆ ಕೊಟ್ಟು, ಇಂಗ್ಲಿಷಿನ ಉದ್ದುದ್ದ ಲೇಖನಗಳನ್ನು ಕನ್ನಡ, ತಮಿಳು, ತೆಲುಗು ಮುಂತಾದ ಭಾಷೆಗಳಿಗೆ ಮಾಡಿಸಿತು. ಪುಟಗಳು ತುಂಬಿದವು. ಓದಲು ಕೂತರೆ ವಾಕ್ಯದ ತಲೆಯೊಂದೆಡೆ, ಬಾಲವೊಂದೆಡೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನದಲ್ಲೂ ಪರಭಾಷೆಯ ಭಾರ ಕಡಿಮೆಯಿಲ್ಲ. ಕ್ರಿ.ಶ. 450ರ ಸುಮಾರಿನದೆಂದು ಹೇಳುವ ಆ ಕಲ್ಲನ್ನು 1936ರಲ್ಲಿ ಎಂ.ಎಚ್. ಕೃಷ್ಣ ಬೆಳಕಿಗೆ ತಂದರು. ಅದರ ಹದಿನಾರು ಸಾಲುಗಳ ಮೇಲೆ ಸಂಸ್ಕೃತದ ನೆರಳು ದಟ್ಟವಾಗಿದೆ. ಆದರೆ ಅದನ್ನು ಬರೆದವನಿಗೆ ತಾನು ಹೇಳುತ್ತಿರುವುದು ಏನು, ಯಾರಿಗೆ ಎಂಬುದು ತಿಳಿದಿತ್ತು. ಯಂತ್ರ ಎತ್ತಿಕೊಟ್ಟ ವಾಕ್ಯಕ್ಕೆ ಆ ಅರಿವು ಬರುವುದು ಒಬ್ಬ ಮನುಷ್ಯ ಅದನ್ನು ಓದಿ ತಿದ್ದಿದ ಮೇಲೆಯೇ.

2011ರ ಜನಗಣತಿಯಂತೆ 4.37 ಕೋಟಿ ಜನರ ಭಾಷೆ ಕನ್ನಡ. ಘಟ್ಟ ಇಳಿದರೆ ಸಿಗುವ ತುಳು 18.46 ಲಕ್ಷ ಜನರದು. ತುಳು ವಿಕಿಪೀಡಿಯದ ಕಥೆಯನ್ನು ತುಸು ನಿಧಾನವಾಗಿಯೇ ಹೇಳಬೇಕು. ಹೊಸ ಭಾಷೆಯ ವಿಕಿಪೀಡಿಯ ನೇರ ಹುಟ್ಟುವುದಿಲ್ಲ. ಕೋಳಿಯ ಕಾವಿನಂತೆ ‘ಇನ್‌ಕ್ಯುಬೇಟರ್’ ಎಂಬಲ್ಲಿ ಬೆಳೆಯಬೇಕು. ಅಲ್ಲಿ ಕೆಲವರಾದರೂ ತಿಂಗಳುಗಟ್ಟಲೆ ಬಿಡದೆ ಬರೆಯುತ್ತಿರಬೇಕು. ‘ಉಳಿಸಿ’, ‘ಹುಡುಕಿ’ ಎಂಬಂಥ ಗುಂಡಿಗಳ ಮಾತೂ ಆ ಭಾಷೆಗೆ ಬಂದಿರಬೇಕು. ತುಳು ಅಲ್ಲಿ ಹಲವು ವರ್ಷ ಕಾವಿಗೆ ಕೂತಿತು. ಕನ್ನಡದಲ್ಲಿ ಮೊದಲಿನಿಂದ ದುಡಿದ ಡಾ. ಯು.ಬಿ. ಪವನಜ ಅವರಂಥವರು ಕರಾವಳಿಯಲ್ಲಿ ಜನರನ್ನು ಕೂಡಿಸಿ ಬರೆಯುವುದನ್ನು ಕಲಿಸಿದರು. 2016ರ ಆಗಸ್ಟ್‌ನಲ್ಲಿ ಚಂಡೀಗಢದ ವಿಕಿ ಸಮ್ಮೇಳನದಲ್ಲಿ ತುಳು ವಿಕಿಪೀಡಿಯ ಸ್ವತಂತ್ರವಾಯಿತೆಂಬ ಘೋಷಣೆ ಬಂತು. ಭಾರತದ ಭಾಷೆಗಳಲ್ಲಿ ಅದು 23ನೆಯದು.

ಬರೆಯುವ ಲಿಪಿ ಕನ್ನಡದ್ದೇ. ಅಲ್ಲೊಂದು ತೊಡಕಿದೆ. ತುಳುವಿನಲ್ಲಿ ‘ಬರ್ಪೆ’ ಎನ್ನುವಾಗ ಕೊನೆಯ ಎಕಾರಕ್ಕೆ ಬಾಯಿ ಅಗಲಿಸಿದರೆ ‘ನಾನು ಬರುತ್ತೇನೆ’, ಬಿಗಿ ಹಿಡಿದರೆ ‘ಅವನು ಬರುತ್ತಾನೆ’. ಕನ್ನಡದ ಒಂದೇ ಎತ್ವ ಎರಡಕ್ಕೂ ದುಡಿಯಬೇಕು. ತುಳುವಿನ ಸ್ವಂತ ಲಿಪಿಗೆ ಯುನಿಕೋಡ್‌ನಲ್ಲಿ ಜಾಗ ಸಿಕ್ಕಿದ್ದು 2024ರಲ್ಲಿ.

ಅದಕ್ಕಿಂತ ದೊಡ್ಡ ತೊಡಕು ಪುರಾವೆಯದು. ಯಾರಾದರೂ ಪ್ರಶ್ನಿಸಬಹುದಾದ ಮಾತಿಗೆಲ್ಲ ವಿಕಿಪೀಡಿಯ ಪ್ರಕಟವಾದ ಆಧಾರ ಕೇಳುತ್ತದೆ. ತುಳುವಿನ ಹಾಡುಗಥೆಯಾದ ಪಾಡ್ದನ ಹೇಳುವ ಅಜ್ಜಿಗೆ ನೂರಾರು ಸಾಲು ಬಾಯಿಗೆ ಬರುತ್ತವೆ, ಅಡಿಟಿಪ್ಪಣಿ ಬರುವುದಿಲ್ಲ. ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು.ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಬಂದ ಆರು ಸಂಪುಟಗಳ ತುಳು ನಿಘಂಟು ಇಲ್ಲದಿದ್ದರೆ ಎಷ್ಟೋ ಲೇಖನಗಳಿಗೆ ನೆಲೆಯೇ ಸಿಗುತ್ತಿರಲಿಲ್ಲ ಎನಿಸುತ್ತದೆ.

ಇನ್ನೂ ಚಿಕ್ಕ ಭಾಷೆಗಳೂ ಈ ಕೆಲಸಕ್ಕೆ ಇಳಿದಿವೆ. ಶಾಂತಸಾಗರದ ನೌರು 21 ಚದರ ಕಿಲೋಮೀಟರಿನ ದ್ವೀಪ. ಅಲ್ಲಿನ ಜನ ಸುಮಾರು ಹನ್ನೆರಡು ಸಾವಿರ. ಅರಸೀಕೆರೆ ಪಟ್ಟಣವೇ ಅದಕ್ಕಿಂತ ದೊಡ್ಡದು. ಅಲ್ಲಿನವರ ಭಾಷೆಗೂ ವಿಕಿಪೀಡಿಯ ಇದೆ. ಅದೇ ಸಾಗರದ ಮಾರ್ಷಲ್ ದ್ವೀಪಗಳ ಭಾಷೆಯದು ಬರೆಯುವವರಿಲ್ಲದೆ ಮುಚ್ಚಿಹೋಯಿತು. ಸ್ಕಾಟ್ಸ್ ಭಾಷೆಯಲ್ಲಿ ಇನ್ನೊಂದು ಬಗೆಯ ಅನಾಹುತ: ಭಾಷೆ ಬಾರದ ಅಮೆರಿಕದ ಹುಡುಗನೊಬ್ಬ ವರ್ಷಗಟ್ಟಲೆ ಸಾವಿರಾರು ಲೇಖನ ಬರೆದುಬಿಟ್ಟಿದ್ದ, ಅದು ಬಯಲಾದದ್ದು 2020ರಲ್ಲಿ. ಭಾಷೆ ಬಲ್ಲವರು ಅತ್ತ ತಿರುಗಿ ನೋಡದಿದ್ದರೆ ಯಾವ ಭಾಷೆಗಾದರೂ ಈ ಗತಿ ಬರಬಹುದು. ಕನ್ನಡ ದೊಡ್ಡದು ಎಂದುಕೊಂಡು ನಾವು ನಿಶ್ಚಿಂತೆಯಿಂದ ಇರುವಂತಿಲ್ಲ. ಕೋಟಿ ಜನ ಮಾತಾಡಿದರೂ, ದಿನವೂ ಬಂದು ಬರೆಯುವ ಕೈಗಳು ಬೆರಳೆಣಿಕೆಯವೇ.

2023ರ ಸೆಪ್ಟೆಂಬರ್‌ನಲ್ಲಿ ಬೇಲೂರು, ಹಳೇಬೀಡು, ಸೋಮನಾಥಪುರಗಳ ಗುಡಿಗಳು ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅವುಗಳ ಬಗ್ಗೆ ಜಗತ್ತಿನ ಹಲವು ಭಾಷೆಗಳಲ್ಲಿ ಬರೆಯುವವರಿದ್ದಾರೆ, ಚಿತ್ರಗಳಿಗೂ ಬರವಿಲ್ಲ. ಅರಸೀಕೆರೆಯ ಈಶ್ವರ ಗುಡಿಯ ನಕ್ಷತ್ರದಾಕಾರದ ಮಂಟಪದ ಮುಂದೆ ಅಷ್ಟು ಕ್ಯಾಮೆರಾಗಳು ನಿಲ್ಲುವುದಿಲ್ಲ. ಕೊಬ್ಬರಿ ಅಟ್ಟದ ಕೆಳಗಂತೂ ಯಾರೂ ನಿಲ್ಲುವುದಿಲ್ಲ. ಅಲ್ಲಿ ತೆಗೆದ ಚಿತ್ರಕ್ಕೆ ಪ್ರಕಟವಾದ ಆಧಾರ ಬೇಕಿಲ್ಲ; ಯಾರು, ಎಲ್ಲಿ, ಯಾವಾಗ ತೆಗೆದರೆಂದು ಬರೆದು ಎಲ್ಲರ ಬಳಕೆಗೆ ಬಿಟ್ಟುಕೊಟ್ಟರೆ ವಿಕಿಮೀಡಿಯ ಕಾಮನ್ಸ್‌ಗೆ ಏರಿಸಬಹುದು. ಈ ಬಾರಿ ಅಟ್ಟದಿಂದ ಕಾಯಿ ಇಳಿಸುವಾಗ ಮನೆಯ ಹುಡುಗಿಯೊಬ್ಬಳು ಫೋನ್ ಹಿಡಿದು ನಿಂತು, ಅಜ್ಜ ಕಿವಿಗೊಟ್ಟು ಕಾಯಿ ಅಲ್ಲಾಡಿಸುವುದನ್ನು ತೆಗೆದುಕೊಳ್ಳಲಿ. ಚಿತ್ರದ ಕೆಳಗೆ ಮಟ್ಟೆ, ಕರಟ, ಉಂಡೆ ಕೊಬ್ಬರಿ ಎಂಬ ಮಾತುಗಳನ್ನು ಆ ಮನೆಯವರು ಹೇಳುವ ಹಾಗೆಯೇ ಬರೆಯಲಿ.