ಸಿಗ್ನಲ್ ಹೇಳುತ್ತೆ, ಸಪ್ಲೈ ದುಡಿಯುತ್ತೆ: ಸಣ್ಣ ಕರೆಂಟಿನಿಂದ ದೊಡ್ಡ ಸ್ಪೀಕರ್ ಓಡಿಸೋದು ಹೇಗೆ?

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ)

ಇವತ್ತಿನ ಸಂಚಿಕೆ ಶುರುವಾಗೋದು ನಾನು ಪಟ್ಟ ಒಂದು ಮುಜುಗರದಿಂದ.

ಟಿ. ನರಸೀಪುರದ ಹತ್ತಿರದ ಒಂದು ಊರಲ್ಲಿ ಹಿರಿಯರನ್ನ ಮಾತಾಡಿಸಿ ಒಂದು ಸಂಚಿಕೆ ಮಾಡಿದ್ದೆ. ಅದನ್ನ ಅವರಿಗೇ ಕೇಳಿಸೋಣ ಅಂತ ಸಮುದಾಯ ಭವನದಲ್ಲಿ ಎಲ್ಲರನ್ನೂ ಸೇರಿಸಿದ್ವಿ. ಹೇಳಿದ್ದ ಮೈಕ್‌ಸೆಟ್ ಬರಲಿಲ್ಲ. ಸ್ನೇಹಿತನ ಮನೇಲಿದ್ದ ದೊಡ್ಡ ಸ್ಪೀಕರ್ ಬಾಕ್ಸ್ ತಂದು, ಹಳೇ ಇಯರ್‌ಫೋನ್ ವೈರ್ ಕತ್ತರಿಸಿ, ಮೊಬೈಲ್‌ನಿಂದ ನೇರ ಅದಕ್ಕೆ ಕನೆಕ್ಷನ್ ಕೊಟ್ಟೆ. ವಾಲ್ಯೂಮ್ ಪೂರ್ತಿ ಇಟ್ರೂ ಬಂದಿದ್ದು ಸೊಳ್ಳೆ ಸದ್ದು. ಮುಂದೆ ಕೂತಿದ್ದ ಅಜ್ಜಿಯೊಬ್ರು, "ಏನಪ್ಪಾ, ನಾನಾಡಿದ ಮಾತು ನಂಗೇ ಕೇಳುಸ್ತಿಲ್ವಲ್ಲ" ಅಂದ್ರು.

ನಾನು ಓದಿದ್ದು ಬಿ.ಕಾಂ. ಸ್ಪೀಕರ್ ದೊಡ್ಡದಾದ್ರೆ ಸದ್ದೂ ದೊಡ್ಡದಾಗುತ್ತೆ ಅಂದ್ಕೊಂಡಿದ್ದೆ. ಮಾರನೇ ದಿನ ನಂಜನಗೂಡಿಗೆ ಹೋದೆ. ಅಲ್ಲಿನ ಕೈಗಾರಿಕಾ ಪ್ರದೇಶದ ಒಂದು ಫ್ಯಾಕ್ಟರಿಯಲ್ಲಿ ಇನ್‌ಸ್ಟ್ರುಮೆಂಟ್ ಮೇಂಟೆನೆನ್ಸ್ ನೋಡ್ಕೊಳ್ಳೋ ಪರಿಚಯದ ಅಣ್ಣ ಒಬ್ರಿದ್ದಾರೆ. ಟೀ ಕುಡೀತಾ ಕಥೆ ಹೇಳಿದೆ. ನಕ್ಕು, ಲೆಕ್ಕ ಹಾಕು ಅಂದ್ರು.

ಲೆಕ್ಕ ಅಂದ್ರೆ ನಮಗೆ ಬರುತ್ತೆ. ಹೆಡ್‌ಫೋನ್ ತೂತಿಂದ ಬರೋದು ಹೆಚ್ಚು ಅಂದ್ರೆ 1 ವೋಲ್ಟ್ ಆಸುಪಾಸು, ಕರೆಂಟ್ ಕೆಲವು ಹತ್ತು ಮಿಲಿಆಂಪಿಯರ್. ಒಂದು ವ್ಯಾಟ್‌ನ ಸಣ್ಣ ಚೂರು, ಅಷ್ಟೇ. 8 ಓಮ್‌ನ ಸ್ಪೀಕರ್‌ಗೆ 100 ವ್ಯಾಟ್ ಕೊಡಬೇಕಾದ್ರೆ ಸುಮಾರು 28 ವೋಲ್ಟ್, ಮೂರೂವರೆ ಆಂಪಿಯರ್ ಬೇಕು. ಮೊಬೈಲ್ ಅಷ್ಟನ್ನ ಎಲ್ಲಿಂದ ತರುತ್ತೆ?

"ಕಬಿನಿ ನಾಲೆ ನೋಡಿದ್ದೀಯಲ್ಲ?" ಅಂದ್ರು ಅಣ್ಣ. "ನೀರುಗಂಟಿ ತೂಬು ತಿರುಗಿಸ್ತಾನೆ, ಗದ್ದೆಗೆ ನೀರು ಹರಿಯುತ್ತೆ. ಆ ನೀರು ಅವನ ತೋಳಿಂದ ಬಂತಾ? ಅಣೆಕಟ್ಟಿಂದು. ಎಷ್ಟು ಬಿಡಬೇಕು ಅನ್ನೋದು ಮಾತ್ರ ಅವನ ಕೈಲಿದೆ."

ಆಂಪ್ಲಿಫೈಯರ್ ಮಾಡೋದೂ ಇದನ್ನೇ. ಅದು ಸಣ್ಣ ಸಿಗ್ನಲ್‌ನ ಹಿಗ್ಗಿಸೋದಿಲ್ಲ. ಬೇರೆ ಪವರ್ ಸಪ್ಲೈನಿಂದ ಕರೆಂಟ್ ತಗೊಂಡು, ಸಿಗ್ನಲ್ ಹೇಳಿದ ಅಳತೆಯಲ್ಲಿ ಹರಿಸುತ್ತೆ. ಒಳಗಿನ ಟ್ರಾನ್ಸಿಸ್ಟರೇ ತೂಬು. ಗೇನ್ 50 ಇರೋ ಟ್ರಾನ್ಸಿಸ್ಟರ್‌ನ ಬೇಸ್‌ಗೆ 10 ಮಿಲಿಆಂಪಿಯರ್ ಕೊಟ್ರೆ, ಸಪ್ಲೈನಿಂದ ಅರ್ಧ ಆಂಪಿಯರ್‌ವರೆಗೆ ಹರಿಯೋಕೆ ಬಿಡುತ್ತೆ.

ಕಾಮರ್ಸ್‌ನವರಿಗೆ ನನ್ನದೇ ಒಂದು ಉದಾಹರಣೆ: ಸಿಗ್ನಲ್ ಅಂದ್ರೆ ಚೆಕ್ ಮೇಲಿನ ಸಹಿ. ದುಡ್ಡು ಬರೋದು ಪೆನ್ನಿಂದ ಅಲ್ಲ, ಅಕೌಂಟಿಂದ. ಅಕೌಂಟಲ್ಲಿ ಇಲ್ಲದ ದುಡ್ಡಿಗೆ ಸಹಿ ಹಾಕಿದ್ರೆ ಬೌನ್ಸ್. ಹಾಗೇ ಸಪ್ಲೈನಲ್ಲಿ 12 ವೋಲ್ಟ್ ಇರೋ ಸಾಧಾರಣ ಆಂಪ್ಲಿಫೈಯರ್‌ನ 28 ವೋಲ್ಟ್ ಕೇಳಿದ್ರೆ, ಧ್ವನಿಯ ಅಲೆಯ ತಲೆ ಚಪ್ಪಟೆಯಾಗುತ್ತೆ. ಜಾತ್ರೆ ಮೈಕಲ್ಲಿ ವಾಲ್ಯೂಮ್ ಜಾಸ್ತಿ ಮಾಡಿದಾಗ ಮಾತು ಒಡೆದು ಕರಕರ ಅನ್ನುತ್ತಲ್ಲ, ಅದಕ್ಕೆ ಇದೂ ಒಂದು ಕಾರಣ.

ಫ್ಯಾಕ್ಟರಿಯಲ್ಲೂ ಇದೇ ಸಂಗತಿ. ಯಂತ್ರಗಳನ್ನ ನಡೆಸೋ ಪಿಎಲ್‌ಸಿ ಅನ್ನೋ ಕಂಟ್ರೋಲರ್‌ನಿಂದ ಹೊರಬರೋ ಅನಲಾಗ್ ಸಿಗ್ನಲ್ ಸಾಮಾನ್ಯವಾಗಿ 0ಯಿಂದ 10 ವೋಲ್ಟ್, ಇಲ್ಲವೇ 4ರಿಂದ 20 ಮಿಲಿಆಂಪಿಯರ್. 4ರಿಂದ ಯಾಕೆ ಅಂತ ಕೇಳಿದೆ. ವೈರ್ ತುಂಡಾದ್ರೆ 0 ಬರುತ್ತೆ, ಆಗ "ಕಡಿಮೆ ಮಾಡು" ಅಂದಿದ್ದಲ್ಲ, ಲೈನೇ ಹೋಗಿದೆ ಅಂತ ಗೊತ್ತಾಗುತ್ತಂತೆ. ಈ ಸಿಗ್ನಲ್‌ನಿಂದ ನೇರ ಮೋಟಾರ್ ತಿರುಗಲ್ಲ. ಅದು ಹೋಗೋದು ಡ್ರೈವ್‌ಗೆ. ಡ್ರೈವ್ ತ್ರೀ ಫೇಸ್ ಲೈನಿಂದ ಶಕ್ತಿ ತಗೊಂಡು, ಸಾಮಾನ್ಯ ಸೆಟ್ಟಿಂಗಲ್ಲಿ 5 ವೋಲ್ಟ್ ಬಂದ್ರೆ 25 ಹರ್ಟ್ಜ್, 10 ವೋಲ್ಟ್ ಬಂದ್ರೆ 50 ಹರ್ಟ್ಜ್ ಅಂತ ಮೋಟಾರ್ ಓಡಿಸುತ್ತೆ.

ಸಣ್ಣ ಡಿಸಿ ಮೋಟಾರ್‌ಗೆ ನಾನೇ ಟ್ರಾನ್ಸಿಸ್ಟರ್ ಹಾಕ್ತೀನಿ ಅನ್ನೋರಿಗೆ ಅಣ್ಣ ಹೇಳಿದ ಮೂರು ಮಾತು.

ಒಂದು, ಬಿಸಿ. 24 ವೋಲ್ಟ್ ಸಪ್ಲೈನಿಂದ ಮೋಟಾರ್‌ಗೆ 10 ವೋಲ್ಟ್, 2 ಆಂಪಿಯರ್ ಕೊಟ್ರೆ, ಉಳಿದ 14 ವೋಲ್ಟ್ ಟ್ರಾನ್ಸಿಸ್ಟರ್ ಮೇಲೇ ಬೀಳುತ್ತೆ. ಅಂದ್ರೆ 28 ವ್ಯಾಟ್ ಬರೀ ಶಾಖ. ಹೀಟ್ ಸಿಂಕ್ ಇಲ್ಲದಿದ್ರೆ ಸುಟ್ಟುಹೋಗುತ್ತೆ. ಅದಕ್ಕೇ ಈಗ ಪೂರ್ತಿ ಆನ್, ಪೂರ್ತಿ ಆಫ್ ಅಂತ ಸೆಕೆಂಡಿಗೆ ಸಾವಿರಾರು ಸಲ ಬದಲಾಯಿಸೋ ಪಿಡಬ್ಲ್ಯುಎಂ ವಿಧಾನ ಹೆಚ್ಚು.

ಎರಡು, ಇಂಥ ಸರಳ ಸರ್ಕ್ಯೂಟಲ್ಲಿ ಸಿಗ್ನಲ್ಲಿನ ಗ್ರೌಂಡ್, ಸಪ್ಲೈ ಗ್ರೌಂಡ್ ಎರಡೂ ಒಂದಕ್ಕೊಂದು ಸೇರಿರಬೇಕು. ಇಲ್ಲದಿದ್ರೆ ಸಿಗ್ನಲ್ ಎಷ್ಟು ಅನ್ನೋದೇ ಅಳತೆಗೆ ಸಿಗಲ್ಲ.

ಮೂರು, ಮೋಟಾರ್, ರಿಲೇ ಥರ ಕಾಯಿಲ್ ಇರೋ ವಸ್ತುವಿಗೆ ಅಡ್ಡಲಾಗಿ ಡಯೋಡ್ ಹಾಕಬೇಕು. ಕರೆಂಟ್ ನಿಂತ ಕ್ಷಣ ಕಾಯಿಲ್ ವಾಪಸ್ ಒದೆಯೋ ವೋಲ್ಟೇಜ್‌ಗೆ ಟ್ರಾನ್ಸಿಸ್ಟರ್ ತಡೆಯಲ್ಲ.

ಒಂದು ಮಾತು ನಾನೇ ಸೇರಿಸ್ತೀನಿ: ಮನೆಯ 230 ವೋಲ್ಟ್ ಲೈನಲ್ಲಿ ಈ ಪ್ರಯೋಗ ಬೇಡ. ತಿಳಿದವರನ್ನ ಕರೀರಿ.

ಎರಡು ವಾರದ ನಂತರ ಬಾಡಿಗೆ ಆಂಪ್ಲಿಫೈಯರ್ ತಗೊಂಡು ಅದೇ ಭವನಕ್ಕೆ ಹೋದೆ. ಸ್ಪೀಕರ್ ಅದೇ, ಮೊಬೈಲೂ ಅದೇ. ವಾಲ್ಯೂಮ್ ಅರ್ಧಕ್ಕೆ ಇಟ್ಟಿದ್ದೆ. ಅಜ್ಜಿ ತಮ್ಮ ಮಾತನ್ನ ಕೊನೇವರೆಗೂ ಕೇಳಿ, "ನಾನು ಇಷ್ಟೊಂದು ಮಾತಾಡ್ಬುಟ್ಟಿದ್ನಾ?" ಅಂತ ನಕ್ರು. ಆಮೇಲೆ ಇನ್ನೊಂದು ಸಲ ಹಾಕಿಸಿದ್ರು.

ಮುಂದಿನ ವಾರ ಸಿಗೋಣ. ನಮಸ್ಕಾರ.