ಅಪ್ಪಣೆ ಕೇಳುವ ಪ್ರಿಂಟರ್

ಇಂಕ್‌ಜೆಟ್ ಪ್ರಿಂಟರ್‌ನ ಹುಟ್ಟಿನ ಕತೆಯಲ್ಲಿ ಒಂದು ಸಿರಿಂಜ್ ಇದೆ. 1977ರಲ್ಲಿ ಜಪಾನಿನ ಕ್ಯಾನನ್ ಪ್ರಯೋಗಾಲಯದಲ್ಲಿ ಕಾದ ಸೋಲ್ಡರಿಂಗ್ ಐರನ್ ಅಕಸ್ಮಾತ್ತಾಗಿ ಶಾಯಿ ತುಂಬಿದ ಸಿರಿಂಜಿನ ಸೂಜಿಗೆ ತಾಗಿತು. ತುದಿಯಿಂದ ಶಾಯಿ ಚಿಮ್ಮಿತು. ಇಂದಿಗೂ ಬಹಳಷ್ಟು ಪ್ರಿಂಟರ್‌ಗಳು ನಡೆಯುವುದು ಇದೇ ತತ್ತ್ವದ ಮೇಲೆ. ಕೂದಲೆಳೆಗಿಂತ ಸಣ್ಣ ರಂಧ್ರದ ಹಿಂದಿನ ಹೀಟರ್ ಕಣ್ಣು ಮಿಟುಕಿಸುವುದರೊಳಗೆ ಸುಮಾರು 300 ಡಿಗ್ರಿಗೆ ಕಾಯುತ್ತದೆ, ಶಾಯಿಯಲ್ಲಿ ಗುಳ್ಳೆ ಏಳುತ್ತದೆ, ಗುಳ್ಳೆ ಹನಿಯನ್ನು ಕಾಗದದ ಮೇಲೆ ನೂಕುತ್ತದೆ. ಈ ಕೆಲಸಕ್ಕೆ ಇಂಟರ್ನೆಟ್ ಬೇಕಿಲ್ಲ. ಹೊಂದುವ ಶಾಯಿ ಇದ್ದರಾಯಿತು, ಅದನ್ನು ಯಾರು ಮಾರಿದರೆಂಬುದು ಹೀಟರಿಗೆ ತಿಳಿಯುವುದೂ ಇಲ್ಲ.

ತಿಳಿಯುವುದು ಕಾರ್ಟ್ರಿಜ್‌ಗೆ ಅಂಟಿಸಿದ ಉಗುರಿನಷ್ಟಗಲದ ಚಿಪ್‌ಗೆ. ಪ್ರಿಂಟರ್ ಗುಟ್ಟಿನ ಸಂಕೇತದಲ್ಲಿ ಪ್ರಶ್ನೆ ಕೇಳುತ್ತದೆ, ಚಿಪ್ ಸರಿಯುತ್ತರ ಕೊಡಬೇಕು. ಕೊಡದಿದ್ದರೆ ಕಾರ್ಟ್ರಿಜ್ ತುಂಬಿದ್ದರೂ ಪ್ರಿಂಟರ್ ಮುದ್ರಿಸದೆಯೂ ಇರಬಹುದು. ಎಷ್ಟೋ ಮಾದರಿಗಳಲ್ಲಿ ಉಳಿದ ಶಾಯಿಯನ್ನು ಅಳೆಯುವುದೂ ಇಲ್ಲ. ಚಿಮ್ಮಿದ ಹನಿಗಳನ್ನು ಪ್ರಿಂಟರ್ ಎಣಿಸಿ, ಲೆಕ್ಕ ಮುಗಿದಾಗ 'ಖಾಲಿ' ಎನ್ನುತ್ತದೆ. ಸಿರಿಂಜಿನಿಂದ ಮತ್ತೆ ಶಾಯಿ ತುಂಬಿದರೂ ಲೆಕ್ಕ ಹಿಂದಕ್ಕೆ ಹೋಗುವುದಿಲ್ಲ.

2016ರ ಸೆಪ್ಟೆಂಬರ್ 13ರಂದು ಹಲವು ದೇಶಗಳಲ್ಲಿ ಎಚ್‌ಪಿಯ ಆಫೀಸ್‌ಜೆಟ್ ಪ್ರಿಂಟರ್‌ಗಳು ಬೇರೆ ಕಂಪನಿಗಳ ಕಾರ್ಟ್ರಿಜ್‌ಗಳನ್ನು ಒಮ್ಮೆಲೇ ನಿರಾಕರಿಸಿದವು. ಪ್ರಿಂಟರಿನೊಳಗಿನ ತಂತ್ರಾಂಶದಲ್ಲೇ ಆ ತಾರೀಕು ಹೊಂಚಿ ಕೂತಿತ್ತು. ಗ್ರಾಹಕರಿಗೆ ಸರಿಯಾಗಿ ತಿಳಿಸಲಿಲ್ಲವೆಂದು ಎಚ್‌ಪಿ ಕ್ಷಮೆ ಕೇಳಿತು. 2020ರಲ್ಲಿ ಇಟಲಿಯ ಸ್ಪರ್ಧಾ ಪ್ರಾಧಿಕಾರ ಅದಕ್ಕೆ 1 ಕೋಟಿ ಯೂರೋ ದಂಡ ಹಾಕಿತು. ಅದೇ ವರ್ಷ ಬಂದ 'ಎಚ್‌ಪಿ ಪ್ಲಸ್' ಯೋಜನೆಯ ಷರತ್ತು ಇನ್ನೂ ಬಿಗಿ: ಪ್ರಿಂಟರ್ ಇರುವಷ್ಟು ಕಾಲ ಅಸಲಿ ಶಾಯಿಯೇ ಬೇಕು, ಇಂಟರ್ನೆಟ್ ಸಂಪರ್ಕ ಇರಲೇಬೇಕು.

ಈ ಷರತ್ತನ್ನು ತೆಲಂಗಾಣದ ಮಕ್ತಲ್, ನಾರಾಯಣಪೇಟೆ, ಗದ್ವಾಲ್‌ಗಳ ಜೆರಾಕ್ಸ್ ಅಂಗಡಿಗೆ ತಂದು ನೋಡಿ. ರೈತನಿಗೆ ಪಹಣಿ ಬೇಕು, ಹುಡುಗನಿಗೆ ಹಾಲ್ ಟಿಕೆಟ್ ಬೇಕು. ಕೃಷ್ಣಾ ಮಂಡಲದ ಕನ್ನಡ ಶಾಲೆಯ ಮೇಷ್ಟ್ರಿಗೆ ಕನ್ನಡದ ಪ್ರಶ್ನೆಪತ್ರಿಕೆ ಬೇಕು. ಆ ಫೈಲು ಪೆನ್‌ಡ್ರೈವಿನಲ್ಲೇ ಇದೆ, ಮುದ್ರಿಸಲು ನೆಟ್‌ನ ಹಂಗಿಲ್ಲ. ಕರೆಂಟು ಹೋಗಿ ರೂಟರ್ ಆರಿದರೂ ಇನ್ವರ್ಟರ್ ಮೇಲೆ ಪ್ರಿಂಟರ್ ಓಡುತ್ತದೆ. ಆದರೆ ಕಂಪನಿಯನ್ನು ಕೇಳದೆ ಓಡೆನೆಂದು ಅದು ಹಟ ಹಿಡಿದರೆ? ಅಸಲಿ ಕಾರ್ಟ್ರಿಜ್ ಊರಲ್ಲಿ ಸಿಗದಿದ್ದರೆ ರಾಯಚೂರಿಗೋ ಮಹಬೂಬ್‌ನಗರಕ್ಕೋ ಬಸ್ಸು ಹತ್ತಬೇಕು. ಪುಟಕ್ಕೆ ನಾಲ್ಕಾರು ರೂಪಾಯಿ ಪಡೆಯುವ ಅಂಗಡಿಗೆ ಆ ದಿನದ ದುಡಿಮೆ ಹೋದಂತೆ. ದುಡ್ಡು ಕೊಟ್ಟು ಕೊಂಡ ಯಂತ್ರದ ಬೀಗದಕೈ ಬೇರೆ ದೇಶದಲ್ಲಿರುವುದು ಅನ್ಯಾಯವೆಂಬುದೇ ನನ್ನ ಖಚಿತ ಮಾತು.

ಗುಣಮಟ್ಟಕ್ಕಾಗಿ, ಸುರಕ್ಷತೆಗಾಗಿ ಚಿಪ್ ಬೇಕೆಂದು ಕಂಪನಿಗಳು ವಾದಿಸುತ್ತವೆ. ಕಳಪೆ ಶಾಯಿ ರಂಧ್ರ ಕಟ್ಟಿಸುವುದು ಸುಳ್ಳಲ್ಲ. ಆದರೆ 2022ರ ಆರಂಭದಲ್ಲಿ ಜಗತ್ತಿನಲ್ಲೆಲ್ಲ ಚಿಪ್‌ಗೆ ಬರ ಇದ್ದಾಗ ಕ್ಯಾನನ್ ತನ್ನ ಲೇಸರ್ ಯಂತ್ರಗಳ ಕೆಲವು ಟೋನರ್ (ಶಾಯಿಪುಡಿ) ಕಾರ್ಟ್ರಿಜ್‌ಗಳನ್ನು ಚಿಪ್ ಇಲ್ಲದೆಯೇ ಮಾರಿತು. 'ಅಸಲಿ ಅಲ್ಲ' ಎಂಬ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗುವುದು ಹೇಗೆಂದು ಯುರೋಪಿನ ಗ್ರಾಹಕರಿಗೆ ತಾನೇ ಹೇಳಿಕೊಟ್ಟಿತು. ಮುದ್ರಣದ ಗುಣಮಟ್ಟಕ್ಕೆ ಧಕ್ಕೆಯಿಲ್ಲ, ಟೋನರ್ ಮಟ್ಟ ತೋರಿಸುವುದರಲ್ಲಷ್ಟೇ ತೊಂದರೆಯಾಗಬಹುದು ಎಂದಿತು.

ಬಾಟಲಿಯಿಂದ ಶಾಯಿ ಸುರಿದುಕೊಳ್ಳುವ ಟ್ಯಾಂಕ್ ಪ್ರಿಂಟರ್‌ಗಳು ಈಗ ಅಂಗಡಿಗಳಲ್ಲಿ ಸಿಗುತ್ತವೆ. ಬೆಲೆ ಮೊದಲಿಗೆ ಹೆಚ್ಚು, ಪುಟದ ಖರ್ಚು ಬಹಳ ಕಡಿಮೆ. ಯಾವುದನ್ನೇ ಕೊಳ್ಳಿ, ದುಡ್ಡು ಎಣಿಸುವ ಮೊದಲು ವೈಫೈ ಆರಿಸಿ, ಯುಎಸ್‌ಬಿ ಕೇಬಲ್ ಹಾಕಿ ಒಂದು ಪುಟ ತೆಗೆದು ತೋರಿಸಲು ಅಂಗಡಿಯವರಿಗೆ ಹೇಳಿ.