ಅಂಕಿ ಸರಿ, ಪ್ರಶ್ನೆ ಯಾರದು?

ಸರ್ವರ್‌ಗೆ ವಿಂಡೋಸ್ ಹಾಕಬೇಕೋ ಲಿನಕ್ಸ್ ಹಾಕಬೇಕೋ ಎಂಬ ಚರ್ಚೆ ಎದ್ದಲ್ಲೆಲ್ಲ ಯಾರಾದರೊಬ್ಬರು ಒಂದು ಸಮೀಕ್ಷೆಯನ್ನು ಮುಂದಿಟ್ಟು ಮಾತು ಮುಗಿಸಿಬಿಡುತ್ತಾರೆ. ಸ್ವತಂತ್ರ ಸಂಸ್ಥೆಯೊಂದು ಅಷ್ಟೊಂದು ಕಂಪನಿಗಳನ್ನು ವಿಚಾರಿಸಿ ಲೆಕ್ಕ ಹಾಕಿದೆ, ಇನ್ನೇನು ಬೇಕು ಎಂಬುದು ಅವರ ವಾದ. ಎರಡು ದಶಕ ಕಳೆದರೂ ಈ ನಂಬಿಕೆ ಸಾಯುತ್ತಿಲ್ಲ. ಸಂಸ್ಥೆ ದೊಡ್ಡದೇ ಇರಬಹುದು, ಕೂಡಿ ಕಳೆದ ಲೆಕ್ಕದಲ್ಲಿ ತಪ್ಪೂ ಇಲ್ಲದಿರಬಹುದು. ಆದರೆ ಏನನ್ನು ಅಳೆಯಬೇಕೆಂದು ತೀರ್ಮಾನಿಸಿದವರು ಯಾರು ಎಂದು ಕೇಳದೆ ಉತ್ತರವನ್ನಷ್ಟೇ ಒಪ್ಪಿಕೊಳ್ಳುವುದು ಶುದ್ಧ ಅವಿವೇಕ.

2002ರಲ್ಲಿ ಮಾರುಕಟ್ಟೆ ಸಂಶೋಧನಾ ಸಂಸ್ಥೆ ಐಡಿಸಿ ಹೊರತಂದ ವರದಿಯನ್ನೇ ನೋಡಿ. ನೂರಕ್ಕೂ ಹೆಚ್ಚು ಕಂಪನಿಗಳ ಮಾಹಿತಿ ಪಡೆದು, ಐದು ವರ್ಷಗಳ ಒಟ್ಟು ವೆಚ್ಚ ಹಾಕಿ, ಐದು ಬಗೆಯ ಕೆಲಸಗಳಲ್ಲಿ ನಾಲ್ಕಕ್ಕೆ ವಿಂಡೋಸ್ 2000 ಅಗ್ಗ, ವೆಬ್ ಸರ್ವರ್‌ಗೆ ಮಾತ್ರ ಲಿನಕ್ಸ್ ಅಗ್ಗ ಎಂದು ಅದು ಹೇಳಿತು. ಹಣ ಕೊಟ್ಟದ್ದು ಮೈಕ್ರೋಸಾಫ್ಟ್. ವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಸಾಫ್ಟ್‌ವೇರ್‌ನದಲ್ಲ, ಸಿಬ್ಬಂದಿಯದು. ಅಂದರೆ ಲಿನಕ್ಸ್ ಬಲ್ಲವರು ಇನ್ನೂ ವಿರಳವಾಗಿದ್ದ, ನಿರ್ವಹಣೆಯ ಸಲಕರಣೆಗಳು ಇನ್ನೂ ಬಲಿಯದಿದ್ದ ಕಾಲದ ಪರಿಸ್ಥಿತಿಯನ್ನು ಐದು ವರ್ಷ ಮುಂದಕ್ಕೆ ಎಳೆದು ಹಾಕಿದ ಲೆಕ್ಕ ಅದು. ಆ ಐದು ವರ್ಷ ತುಂಬುವ ಮೊದಲೇ, 2005ರಲ್ಲಿ, ವಿಂಡೋಸ್ 2000ಕ್ಕೆ ಮುಖ್ಯ ಬೆಂಬಲ ನಿಂತಿತು. ಇದಕ್ಕಿಂತ ದೊಡ್ಡ ಸಾಕ್ಷ್ಯ ಐಡಿಸಿಯೊಳಗಿಂದಲೇ ಬಂತು. ಲಿನಕ್ಸ್‌ಗೆ ಹೆಚ್ಚು ಖರ್ಚು ಬೀಳುವುದು ಖಚಿತವೆನ್ನುವಂಥ ಸನ್ನಿವೇಶಗಳನ್ನೇ ಮೈಕ್ರೋಸಾಫ್ಟ್ ಆರಿಸಿತ್ತು ಎಂದು ಸಂಸ್ಥೆಯ ವಿಶ್ಲೇಷಕ ಡ್ಯಾನ್ ಕುಸ್ನೆಟ್ಸ್ಕಿ ಮರುವರ್ಷ ಪತ್ರಿಕೆಯೊಂದಕ್ಕೆ ಹೇಳಿದರು. ಇಲ್ಲಿ ಯಾರೂ ಅಂಕಿಗಳನ್ನು ತಿದ್ದಬೇಕಾಗಿರಲಿಲ್ಲ. ಓಟದ ದಾರಿಯನ್ನು ಸ್ಪರ್ಧಿಯೇ ಆರಿಸಿದ ಮೇಲೆ ಗಡಿಯಾರ ಎಷ್ಟು ನಿಖರವಾಗಿದ್ದರೇನು?

ಇಂಥ ಅಧ್ಯಯನ ಜಾಹೀರಾತಿಗೆ ಇಳಿದಾಗ ಏನಾಗುತ್ತದೆ ಎಂಬುದಕ್ಕೆ ಬ್ರಿಟನ್ ಸಾಕ್ಷಿ. ವಿಂಡೋಸ್ ಸರ್ವರ್ 2003ಕ್ಕಿಂತ ಲಿನಕ್ಸ್ ಹತ್ತು ಪಟ್ಟು ದುಬಾರಿ ಎಂಬ ಮೈಕ್ರೋಸಾಫ್ಟ್ ಜಾಹೀರಾತು ಅಲ್ಲಿನ ಪತ್ರಿಕೆಯಲ್ಲಿ ಬಂತು. ಹೋಲಿಕೆಯಲ್ಲಿ ವಿಂಡೋಸ್ ಓಡಿದ್ದು ಸಾಧಾರಣ ಇಂಟೆಲ್ ಜೀಯಾನ್ ಯಂತ್ರದಲ್ಲಿ, ಲಿನಕ್ಸ್ ಓಡಿದ್ದು ಐಬಿಎಂನ ಭಾರಿ ಬೆಲೆಯ ಮೇನ್‌ಫ್ರೇಮ್‌ನಲ್ಲಿ! ದುಬಾರಿಯಾದದ್ದು ಯಂತ್ರ, ಅಪವಾದ ಹೊತ್ತದ್ದು ಲಿನಕ್ಸ್. ಅಲ್ಲಿನ ಜಾಹೀರಾತು ಮಾನದಂಡ ಪ್ರಾಧಿಕಾರ 2004ರಲ್ಲಿ ಇದು ದಾರಿ ತಪ್ಪಿಸುವ ಜಾಹೀರಾತು ಎಂದು ತೀರ್ಪು ಕೊಟ್ಟಿತು.

ಹಾಗಾದರೆ ಕಂಪನಿಯ ದುಡ್ಡಿನಲ್ಲಿ ನಡೆದ ಅಧ್ಯಯನವೆಲ್ಲ ಸುಳ್ಳೇ ಎಂದು ಕೇಳಬಹುದು. ಖಂಡಿತ ಅಲ್ಲ, ಹಾಗೆಂದುಕೊಳ್ಳುವುದು ಇನ್ನೊಂದು ಮೂಢನಂಬಿಕೆ. 1999ರಲ್ಲಿ ಮೈಂಡ್‌ಕ್ರಾಫ್ಟ್ ಎಂಬ ಸಂಸ್ಥೆ ಮೈಕ್ರೋಸಾಫ್ಟ್ ಪರವಾಗಿ ಪರೀಕ್ಷೆ ನಡೆಸಿ, ಕಡತ ಹಂಚುವುದರಲ್ಲಿ ವಿಂಡೋಸ್ ಎನ್‌ಟಿ ಎರಡೂವರೆ ಪಟ್ಟು, ವೆಬ್ ಪುಟ ಬಡಿಸುವುದರಲ್ಲಿ 3.7 ಪಟ್ಟು ವೇಗ ಎಂದಿತು. ಲಿನಕ್ಸ್ ಬಳಗ ಸಿಡಿದೆದ್ದಿತು. ಮರುಪರೀಕ್ಷೆಯಲ್ಲೂ ಎನ್‌ಟಿಯೇ ಮುಂದಿತ್ತು. ಹಲವು ಪ್ರೊಸೆಸರ್‌ಗಳಿರುವ ಯಂತ್ರದಲ್ಲಿ ಲಿನಕ್ಸ್ ಮುಗ್ಗರಿಸುತ್ತಿದ್ದುದು ನಿಜವಾಗಿತ್ತು, ಮುಂದೆ 2.4 ಆವೃತ್ತಿಯ ಕರ್ನಲ್‌ನಲ್ಲಿ ಅದು ಬಹುಮಟ್ಟಿಗೆ ಸರಿಹೋಯಿತು. ಆದರೆ ವೆಬ್ ಪರೀಕ್ಷೆಯಲ್ಲಿ ಅಳೆದದ್ದು ನಾಲ್ಕು ಪ್ರೊಸೆಸರ್, ನಾಲ್ಕು ನೆಟ್‌ವರ್ಕ್ ಕಾರ್ಡ್‌ಗಳ ಯಂತ್ರ ಬದಲಾಗದ ಪುಟಗಳನ್ನು ಬಡಿಸುವ ವೇಗವನ್ನು. ಅಂದಿನ ಬಹುಪಾಲು ಜಾಲತಾಣಗಳಿಗೆ ಅಂಥ ಯಂತ್ರವೇ ಬೇಕಿರಲಿಲ್ಲ. ಫಲಿತಾಂಶ ಸತ್ಯ, ಅದರಿಂದ ಎಲ್ಲರಿಗೂ ಅನ್ವಯಿಸುವಂತೆ ಎಳೆದ ತೀರ್ಮಾನ ತಪ್ಪು.

ಮಾರುಕಟ್ಟೆ ಪಾಲಿನ ಕಥೆಯೂ ಬೇರೆಯಲ್ಲ: ಮಾರಾಟದ ಹಣವನ್ನು ಎಣಿಸಿದರೆ ಉಚಿತವಾಗಿ ಇಳಿಸಿಕೊಂಡ ಡೆಬಿಯನ್‌ನಂಥ ಲಿನಕ್ಸ್ ಲೆಕ್ಕಕ್ಕೇ ಸಿಗುವುದಿಲ್ಲ. ಜಾಲತಾಣಗಳ ಹೆಸರನ್ನು ಎಣಿಸಿದರೆ ಒಬ್ಬರ ನಿರ್ಧಾರವೇ ಚಿತ್ರ ಬದಲಿಸುತ್ತದೆ. 2006ರಲ್ಲಿ ಡೊಮೇನ್ ಹೆಸರು ಮಾರುವ ಗೋಡ್ಯಾಡಿ ಕಂಪನಿ ತನ್ನಲ್ಲಿ ಖಾಲಿ ಬಿದ್ದಿದ್ದ ಲಕ್ಷಾಂತರ ಹೆಸರುಗಳನ್ನು ಲಿನಕ್ಸ್‌ನಿಂದ ವಿಂಡೋಸ್‌ಗೆ ವರ್ಗಾಯಿಸಿದ್ದೇ ತಡ, ಜಾಲತಾಣಗಳನ್ನು ಎಣಿಸುವ ನೆಟ್‌ಕ್ರಾಫ್ಟ್‌ನ ಏಪ್ರಿಲ್ ಸಮೀಕ್ಷೆಯಲ್ಲಿ, ಹೆಚ್ಚಾಗಿ ಲಿನಕ್ಸ್ ಮೇಲೆ ಓಡುವ ವೆಬ್ ಸರ್ವರ್ ಅಪಾಚೆಯ ಪಾಲು ಒಂದೇ ತಿಂಗಳಲ್ಲಿ ಐದು ಶೇಕಡಾ ಅಂಶಗಳಿಗಿಂತ ಹೆಚ್ಚು ಕುಸಿಯಿತು.

ಶೇಕಡಾವಾರು ಕಂಡ ಕೂಡಲೇ ಕೈಮುಗಿಯುವ ಅಭ್ಯಾಸ ನಮ್ಮ ಕಚೇರಿಗಳಿಗೂ ಪತ್ರಿಕೆಗಳಿಗೂ ಅಂಟಿಕೊಂಡಿದೆ. ಈ ಅಧ್ಯಯನಗಳನ್ನು ತಯಾರಿಸುವವರಿಗೇ ಅಷ್ಟು ಭಕ್ತಿ ಇಲ್ಲ. ಮೈಕ್ರೋಸಾಫ್ಟ್ ಹಣದಿಂದ ಲಿನಕ್ಸ್ ವಿರುದ್ಧದ ವೆಚ್ಚದ ಹೋಲಿಕೆಯೊಂದನ್ನು ತನ್ನ ಬಳಗದ ಸಂಸ್ಥೆ ಪ್ರಕಟಿಸಿ ಟೀಕೆಗೆ ಗುರಿಯಾದ ಮೇಲೆ, 2003ರಲ್ಲಿ ಸಂಶೋಧನಾ ಸಂಸ್ಥೆ ಫಾರೆಸ್ಟರ್ ತನ್ನ ನಿಯಮವನ್ನೇ ಬದಲಿಸಿತು: ಪ್ರಚಾರಕ್ಕೆ ಬಳಸುವಂಥ, ಕಂಪನಿಗಳೇ ಹಣ ಕೊಟ್ಟು ಮಾಡಿಸುವ ಉತ್ಪನ್ನ ಹೋಲಿಕೆಗಳನ್ನು ಇನ್ನು ಕೈಗೆತ್ತಿಕೊಳ್ಳುವುದಿಲ್ಲ ಎಂದು.